ಮೂವತ್ತು ದಿನದ ಧಾರಣೆ

2008ರ ಅಕ್ಟೋಬರ್‌ನಲ್ಲಿ, ಒಂದೇ ವಾರದೊಳಗೆ, ಐಸ್‌ಲ್ಯಾಂಡ್‌ನ ಮೂರು ದೊಡ್ಡ ಬ್ಯಾಂಕುಗಳು ಮುಳುಗಿದವು. ಗ್ಲಿಟ್ನಿರ್, ಲಾಂಡ್ಸ್‌ಬಾಂಕಿ, ಕೌಪ್‌ಥಿಂಗ್ ಮೂರೂ ಸರ್ಕಾರದ ಹಿಡಿತಕ್ಕೆ ಹೋದವು. ಅಲ್ಲಿನ ನಾಣ್ಯ ಕ್ರೋನಾ ನೆಲಕಚ್ಚಿತು. ನವೆಂಬರ್ ಕೊನೆಯ ಹೊತ್ತಿಗೆ, ಹಣ ದೇಶದ ಗಡಿ ದಾಟದಂತೆ ಸರ್ಕಾರ ನಿರ್ಬಂಧ ಹಾಕಿತು. ಅದು ಬಹುಪಾಲು ತೆರವಾಗಲು 2017ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಅದೇ ನವೆಂಬರ್‌ನಲ್ಲಿ, ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಎಂಬ ಗೇಮ್ ಕಂಪನಿ ತನ್ನದೇ ಒಂದು ನಾಣ್ಯದ ವಿನಿಮಯಕ್ಕೆ ಸುಸೂತ್ರವಾದ ದಾರಿ ಮಾಡಿಕೊಟ್ಟಿತು. ಅದರ ಆಟ ಈವ್ ಆನ್‌ಲೈನ್. 2003ರ ಮೇನಲ್ಲಿ ಶುರುವಾದ ಈ ಆಟದಲ್ಲಿ ಸಾವಿರಾರು ಜನ ಒಂದೇ ಆಕಾಶದಲ್ಲಿ ಹಡಗು ನಡೆಸುತ್ತಾರೆ, ಗಣಿ ತೋಡುತ್ತಾರೆ, ವ್ಯಾಪಾರ ಮಾಡುತ್ತಾರೆ, ಒಬ್ಬರನ್ನೊಬ್ಬರು ದೋಚುತ್ತಾರೆ. ಆಟದೊಳಗಿನ ದುಡ್ಡಿನ ಹೆಸರು ಐಎಸ್‌ಕೆ. ಕ್ರೋನಾಕ್ಕೆ ಅಂತಾರಾಷ್ಟ್ರೀಯ ಪೇಟೆಯಲ್ಲಿರುವ ಸಂಕೇತವೂ ಇದೇ. ಕಂಪನಿ ಹೊಸದಾಗಿ ತಂದ ಸರಕಿಗೆ ಪ್ಲೆಕ್ಸ್ ಎಂದು ಹೆಸರಿಟ್ಟರು. ಒಂದು ಪ್ಲೆಕ್ಸ್ ಎಂದರೆ ಆಗ 30 ದಿನ ಆಡುವ ಹಕ್ಕು. ಅದನ್ನು ಡಾಲರ್ ಕೊಟ್ಟು ಕೊಳ್ಳಬಹುದಿತ್ತು. ಕೊಂಡವನು ತಾನೇ ಬಳಸಬಹುದು, ಇಲ್ಲವೇ ಆಟದ ಮಾರುಕಟ್ಟೆಯಲ್ಲಿ ಬೇರೊಬ್ಬ ಆಟಗಾರನಿಗೆ ಐಎಸ್‌ಕೆಗೆ ಮಾರಬಹುದು. ಕೈಯಲ್ಲಿ ಕಾಸಿದ್ದು ಬಿಡುವಿಲ್ಲದವನಿಗೆ ಆಟದ ಸಂಪತ್ತು ಸಿಕ್ಕಿತು. ಬಿಡುವಿದ್ದು ಕಾಸಿಲ್ಲದವನಿಗೆ ತಿಂಗಳ ಚಂದಾ ಸಿಕ್ಕಿತು. ದಲ್ಲಾಳಿಯ ಜಾಗದಲ್ಲಿ ಕಂಪನಿಯೇ ಕೂತಿತು.

ಅಲ್ಲಿಗೆ ಬರುವ ಮೊದಲು ಆನ್‌ಲೈನ್ ಆಟಗಳ ಲೋಕ ಹತ್ತು ವರ್ಷ ಕಾಳಸಂತೆಯೊಂದಿಗೆ ಗುದ್ದಾಡಿತ್ತು.

1997ರ ಅಲ್ಟಿಮಾ ಆನ್‌ಲೈನ್, 1999ರ ಎವರ್‌ಕ್ವೆಸ್ಟ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಮೂರೂ ತಿಂಗಳ ಚಂದಾದ ಮೇಲೆ ನಿಂತ ಆಟಗಳು. ಚಂದಾ ಎಲ್ಲರಿಗೂ ಒಂದೇ. ಆದರೆ ರಾತ್ರಿಯಿಡೀ ಆಡುವ ಕಾಲೇಜು ಹುಡುಗನಿಗೂ ಆಫೀಸಿನಿಂದ ಸುಸ್ತಾಗಿ ಬಂದು ಒಂದು ತಾಸು ಕೂರುವವನಿಗೂ ಆಟದಲ್ಲಿ ಸಿಗುವ ಫಲ ಒಂದೇ ಅಲ್ಲ. ಕತ್ತಿ, ಕವಚ, ಕುದುರೆ, ಎಲ್ಲಕ್ಕೂ ಆಟದ ನಾಣ್ಯ ಬೇಕು. ನಾಣ್ಯಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಹೊತ್ತಿಲ್ಲದವರು ಈಬೇ ಕಡೆ ನೋಡಿದರು. ಅಲ್ಲಿ ಆಟದ ಸಾಮಾನು, ನಾಣ್ಯ, ಬೆಳೆಸಿಟ್ಟ ಅಕೌಂಟು ಎಲ್ಲವೂ ಹರಾಜಿಗಿದ್ದವು.

2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಈ ಹರಾಜಿನ ದರಗಳನ್ನು ಹಿಡಿದು ಲೆಕ್ಕ ಹಾಕಿದ. ಎವರ್‌ಕ್ವೆಸ್ಟ್‌ನ ಕಾಲ್ಪನಿಕ ನಾಡು ನೊರಾತ್‌ನಲ್ಲಿ ಒಬ್ಬ ಆಟಗಾರ ತಾಸಿಗೆ ಸುಮಾರು 3.42 ಡಾಲರ್ ಬೆಲೆಯ ಸಂಪತ್ತು ಹುಟ್ಟಿಸುತ್ತಿದ್ದ. ತಲಾ ಉತ್ಪನ್ನದಲ್ಲಿ ಆ ನಾಡು ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುತ್ತಿತ್ತು. ಆ ಪ್ರಬಂಧ ಓದಿ ಹಲವರು ನಕ್ಕರು. ಕೆಲವರು ಅದರಲ್ಲಿ ವ್ಯಾಪಾರ ಕಂಡರು.

ಅದೇ ವರ್ಷ ಹುಟ್ಟಿದ ಐಜಿಇ ಎಂಬ ಕಂಪನಿ ಆಟದ ನಾಣ್ಯವನ್ನು ಸಗಟಾಗಿ ಕೊಂಡು ಚಿಲ್ಲರೆಗೆ ಮಾರುವುದನ್ನೇ ಕಸುಬು ಮಾಡಿಕೊಂಡಿತು. 2006ರಲ್ಲಿ ಅದಕ್ಕೆ ಗೋಲ್ಡ್‌ಮನ್ ಸ್ಯಾಕ್ಸ್ ಮತ್ತಿತರರಿಂದ 6 ಕೋಟಿ ಡಾಲರ್ ಬಂಡವಾಳ ಬಂತು. ಸರಕಿನ ಬಹುಪಾಲು ಬರುತ್ತಿದ್ದದ್ದು ಚೀನಾದಿಂದ. 2007ರಲ್ಲಿ ಪತ್ರಕರ್ತ ಜೂಲಿಯನ್ ಡಿಬೆಲ್ ನಾನ್‌ಜಿಂಗ್ ನಗರದ ಅಂಥದೊಂದು ಕಾರ್ಖಾನೆಗೆ ಹೋಗಿ ಬರೆದ ವರದಿ ಈ ವ್ಯಾಪಾರದ ಒಳಗನ್ನು ತೆರೆದಿಟ್ಟಿತು. ಸಾಲಾಗಿ ಕಂಪ್ಯೂಟರು, ವಾರಕ್ಕೆ ಏಳು ದಿನ, ದಿನಕ್ಕೆ 12 ತಾಸಿನ ಪಾಳಿ. ಪರದೆಯ ಮೇಲೆ ಒಂದೇ ಜಾಗದಲ್ಲಿ ಅವೇ ಶತ್ರುಗಳನ್ನು ಕೊಂದು, ಅವರು ಬೀಳಿಸಿದ ಕಾಸನ್ನು ಹೆಕ್ಕುವ ಕೆಲಸ. 100 ಗೋಲ್ಡ್ ನಾಣ್ಯ ಕೂಡಿಸಿದರೆ ಕೆಲಸಗಾರನ ಕೈಗೆ 10 ಯುವಾನ್, ಅಂದರೆ ಒಂದೂಕಾಲು ಡಾಲರ್ ಆಸುಪಾಸು. ಮಾಲೀಕ ಅದನ್ನು 3 ಡಾಲರ್‌ಗೋ ಸ್ವಲ್ಪ ಹೆಚ್ಚಿಗೋ ಮಾರುತ್ತಿದ್ದ. ಕೊನೆಗೆ ಅಮೆರಿಕದ ಗಿರಾಕಿ ತೆರುತ್ತಿದ್ದದ್ದು 20 ಡಾಲರ್‌ವರೆಗೆ. ಚಳ್ಳಕೆರೆಯ ಹೊಲದಲ್ಲಿ ಈರುಳ್ಳಿಗೆ ಸಿಗುವ ದರಕ್ಕೂ ಬೆಂಗಳೂರಿನ ಅಂಗಡಿಯ ದರಕ್ಕೂ ಇರುವ ಅಂತರ ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮರುವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ಹೀಕ್ಸ್ ಹಾಕಿದ ಅಂದಾಜಿನಂತೆ, ಜಗತ್ತಿನಲ್ಲಿ ಸುಮಾರು 4 ಲಕ್ಷ ಜನ ಈ ಗೋಲ್ಡ್ ಫಾರ್ಮಿಂಗ್‌ನಿಂದ ಹೊಟ್ಟೆ ಹೊರೆಯುತ್ತಿದ್ದರು.

ಗೇಮ್ ಕಂಪನಿಗಳಿಗೆ ಇದು ಬರೀ ನೀತಿಯ ಪ್ರಶ್ನೆಯಾಗಿರಲಿಲ್ಲ. ಕದ್ದ ಕ್ರೆಡಿಟ್ ಕಾರ್ಡಿನಿಂದ ಚಂದಾ ಕಟ್ಟಿದ ಅಕೌಂಟುಗಳು, ಮನುಷ್ಯನ ಬದಲು ಆಡುವ ಬಾಟ್ ಪ್ರೋಗ್ರಾಮುಗಳು, ಪಾಸ್‌ವರ್ಡ್ ಕದ್ದು ಖಾಲಿ ಮಾಡಿದ ಖಜಾನೆಗಳು, ಎಲ್ಲದರ ದೂರೂ ಕೊನೆಗೆ ಕಂಪನಿಯ ಬಾಗಿಲಿಗೇ ಬರುತ್ತಿತ್ತು. ಮೊದಮೊದಲು ಅವು ಹಿಡಿದದ್ದು ಪೊಲೀಸರ ದಾರಿ. 2007ರ ಜನವರಿಯಲ್ಲಿ ಈಬೇ ಇಂಥ ಸರಕಿನ ಹರಾಜನ್ನು ನಿಲ್ಲಿಸಿತು. ಚಿಲ್ಲರೆ ವ್ಯಾಪಾರ ಬೇರೆ ತಾಣಗಳಿಗೆ ಗುಳೆ ಹೋಯಿತು, ಅಷ್ಟೇ.

ಎಲ್ಲರಿಗಿಂತ ಕಠಿಣ ಮದ್ದು ಕೊಟ್ಟದ್ದು ಬ್ರಿಟನ್ನಿನ ಕೇಂಬ್ರಿಡ್ಜ್‌ನ ಜಾಗೆಕ್ಸ್. ಅದರ ರೂನ್‌ಸ್ಕೇಪ್ ಆಟದಲ್ಲಿ ಆಟಗಾರರು ತಮ್ಮ ಸಾಮಾನನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವುದನ್ನೇ 2008ರ ಜನವರಿಯಿಂದ ಹೆಚ್ಚುಕಡಿಮೆ ಕಟ್ಟಿಹಾಕಲಾಯಿತು. ಬೆಲೆ ಸಮಸಮವಾಗಿದ್ದರೆ ಮಾತ್ರ ವಿನಿಮಯ. ಗೆಳೆಯನಿಗೆ ದೊಡ್ಡದೊಂದು ಉಡುಗೊರೆ ಕೊಡಲೂ ಆಗದು. ಕಾಳಸಂತೆಗೆ ಏಟು ಬಿತ್ತು ನಿಜ, ಜೊತೆಗೆ ಆಟದ ಜೀವವೂ ಹೋಯಿತೆಂದು ಆಟಗಾರರು ಮೂರು ವರ್ಷ ಗೊಣಗಿದರು. 2011ರ ಜನವರಿಯಲ್ಲಿ ಕಂಪನಿ ಮತಕ್ಕೆ ಹಾಕಿದಾಗ 12 ಲಕ್ಷ ಮತ ಬಿದ್ದು, ನೂರಕ್ಕೆ 91 ಜನ ಹಳೆಯ ಮುಕ್ತ ವ್ಯಾಪಾರವೇ ಬೇಕೆಂದರು. ಫೆಬ್ರುವರಿ 1ರಂದು ಅದು ಮರಳಿತು. ಅದರ ಬೆನ್ನಿಗೆ ಗೋಲ್ಡ್ ಮಾರುವವರೂ ಮರಳಿದರು.

ಸಿಸಿಪಿಯೂ ದಂಡ ಹಿಡಿದಿತ್ತು. 2009ರ ಜೂನ್‌ನಲ್ಲಿ ಒಂದೇ ಏಟಿಗೆ 6,000ಕ್ಕೂ ಹೆಚ್ಚು ಅಕೌಂಟುಗಳನ್ನು ಮುಚ್ಚಿತು. ಆದರೆ ಅದಕ್ಕೂ ಮೊದಲೇ ಅದರ ಕೈಯಲ್ಲಿ ಪ್ಲೆಕ್ಸ್ ಎಂಬ ಇನ್ನೊಂದು ಆಯುಧವಿತ್ತು. ಅದರ ಹಿಂದಿನ ಯೋಚನೆ ಸರಳ: ಜನ ಕೊಂಡೇ ಕೊಳ್ಳುತ್ತಾರೆ ಎಂದಾದರೆ ನಮ್ಮಿಂದಲೇ ಕೊಳ್ಳಲಿ. ಆದರೆ ಕಂಪನಿಯೇ ಐಎಸ್‌ಕೆ ಅಚ್ಚುಹಾಕಿ ಡಾಲರ್‌ಗೆ ಮಾರಿದ್ದರೆ ಆಟದೊಳಗೆ ಹಣದುಬ್ಬರ ಎದ್ದು ಎಲ್ಲವೂ ಹದಗೆಡುತ್ತಿತ್ತು. ಪ್ಲೆಕ್ಸ್‌ನಲ್ಲಿ ಹಾಗಾಗುವುದಿಲ್ಲ. ಹೊಸ ದುಡ್ಡು ಒಂದು ಕಾಸೂ ಹುಟ್ಟುವುದಿಲ್ಲ. ಒಬ್ಬ ಆಟಗಾರ ದುಡಿದು ಕೂಡಿಸಿದ ಐಎಸ್‌ಕೆ ಇನ್ನೊಬ್ಬನ ಕೈ ಸೇರುತ್ತದೆ. ಕಂಪನಿ ಮಾರುತ್ತಿದ್ದದ್ದು ಆಡುವ ದಿನಗಳನ್ನು ಮಾತ್ರ. ಯಾರಾದರೂ ಅದನ್ನು ಬಳಸಿದ ಕ್ಷಣ ಪ್ಲೆಕ್ಸ್ ಪೇಟೆಯಿಂದ ಮಾಯ.

ಲೆಕ್ಕದಲ್ಲಿ ಕಂಪನಿಗೆ ಇನ್ನೊಂದು ಸುಖವಿತ್ತು. ನೇರ ಚಂದಾ ತಿಂಗಳಿಗೆ 14.95 ಡಾಲರ್. 60 ದಿನದ ಟೈಮ್ ಕೋಡ್ 34.99 ಡಾಲರ್, ಅದನ್ನು ಎರಡು ಪ್ಲೆಕ್ಸ್ ಮಾಡಬಹುದಿತ್ತು. ಅಂದರೆ ಐಎಸ್‌ಕೆ ತೆತ್ತು 'ಪುಕ್ಕಟೆ' ಆಡುತ್ತಿದ್ದೇನೆಂದು ಬೀಗುವವನ ತಿಂಗಳಿಗೆ ಬೇರೊಬ್ಬ ಹದಿನೇಳೂವರೆ ಡಾಲರ್ ಕಟ್ಟಿರುತ್ತಿದ್ದ. ಬಿಟ್ಟಿ ಆಟಗಾರನಿಂದಲೇ ಕಂಪನಿಗೆ ಹೆಚ್ಚು ಹುಟ್ಟುತ್ತಿತ್ತು.

ಈ ಪೇಟೆಯನ್ನು ನೋಡಿಕೊಳ್ಳಲು ಸಿಸಿಪಿ ಒಬ್ಬ ಅರ್ಥಶಾಸ್ತ್ರಜ್ಞನನ್ನೇ ನೇಮಿಸಿಕೊಂಡಿತ್ತು. ಎಯೋಲ್ಫುರ್ ಗುಡ್ಮುಂಡ್ಸನ್ 2007ರಲ್ಲಿ ಕೆಲಸಕ್ಕೆ ಸೇರಿ, ಯಾವುದೋ ದೇಶದ ಕೇಂದ್ರ ಬ್ಯಾಂಕಿನವರಂತೆ ಮೂರು ತಿಂಗಳಿಗೊಮ್ಮೆ ಆಟದ ಬೆಲೆ ಸೂಚ್ಯಂಕ, ಉತ್ಪಾದನೆ, ದುಡ್ಡಿನ ಹರಿವಿನ ವರದಿ ಹೊರತರುತ್ತಿದ್ದರು. 2014ರಲ್ಲಿ ಅವರು ಆಕುರೇರಿ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಹೊರಟರು. ಐಸ್‌ಲ್ಯಾಂಡ್‌ನ ಜನಸಂಖ್ಯೆ ಆಗ ಸುಮಾರು 3.2 ಲಕ್ಷ, ಈವ್ ಚಂದಾದಾರರ ಸಂಖ್ಯೆ 2009ರಲ್ಲೇ 3 ಲಕ್ಷ ದಾಟಿತ್ತು. ಅವರ ವರದಿಗಳಿಗೆ ಒಂದು ದೇಶದ ಗಾತ್ರದ ಓದುಗರಿದ್ದರು.

ಪ್ಲೆಕ್ಸ್‌ನಿಂದ ಏನಾಯಿತೆಂಬುದು ಜನರಿಗೆ ಥಟ್ಟನೆ ಅರಿವಾದದ್ದು 2010ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಪ್ಲೆಕ್ಸ್ ಅನ್ನು ಆಟದ ನಿಲ್ದಾಣಗಳಿಂದ ಆಚೆ ಒಯ್ಯುವಂತಿರಲಿಲ್ಲ. ಆ ಬೇಸಿಗೆಯಲ್ಲಿ ಕಂಪನಿ ನಿಯಮ ಸಡಿಲಿಸಿ, ಬೇರೆ ಸರಕಿನಂತೆ ಹಡಗಿನಲ್ಲಿ ಸಾಗಿಸಲು ಬಿಟ್ಟಿತು. ಕೆಲವೇ ವಾರಗಳಲ್ಲಿ ಒಬ್ಬ ಆಟಗಾರ 74 ಪ್ಲೆಕ್ಸ್‌ಗಳನ್ನು ಕೆಸ್ಟ್ರೆಲ್ ಎಂಬ ಸಣ್ಣ ಹಡಗಿನಲ್ಲಿ ತುಂಬಿಕೊಂಡು, ಈವ್‌ನ ಅತಿದೊಡ್ಡ ಸಂತೆಯಾದ ಜೀಟಾ ಬಳಿ ಹೊರಟ. ಕೆಸ್ಟ್ರೆಲ್ ಎಂದರೆ ಹೊಸಬರು ಓಡಿಸುವ, ಬಡಪಾಯಿ ಹಡಗು. ವೈರಿ ಪಡೆಯವರು ಹೊಂಚುಹಾಕಿ ಉಡಾಯಿಸಿದರು. ಈವ್‌ನಲ್ಲಿ ಹಡಗು ಸಿಡಿದರೆ ಒಳಗಿನ ಸರಕಿನಲ್ಲಿ ಒಂದಷ್ಟು ಉಳಿದು ಹೊಡೆದವರ ಪಾಲಾಗುತ್ತದೆ, ಮಿಕ್ಕದ್ದು ನಾಶ. ಯಾವುದು ಉಳಿಯಬೇಕೆಂಬುದು ಅದೃಷ್ಟದಾಟ. ಅಂದು ಎಪ್ಪತ್ತನಾಲ್ಕೂ ಬೂದಿಯಾದವು. ಆಟದ ದರದಲ್ಲಿ ಸುಮಾರು 2,200 ಕೋಟಿ ಐಎಸ್‌ಕೆ, ಹೊರಗಿನ ದರದಲ್ಲಿ ಸುಮಾರು 1,300 ಡಾಲರ್. ಆರು ವರ್ಷಕ್ಕೂ ಹೆಚ್ಚು ಆಡುವಷ್ಟು ಚಂದಾ ಕ್ಷಣದಲ್ಲಿ ಹೊಗೆಯಾಗಿ ಹೋಯಿತು. ಹೊಡೆದವರಿಗೂ ಏನೂ ದಕ್ಕಲಿಲ್ಲ. ಕಂಪನಿಗೆ ಮಾತ್ರ ನಷ್ಟವಿರಲಿಲ್ಲ: ಆ ದಿನಗಳ ದುಡ್ಡು ಅದಕ್ಕೆ ಮೊದಲೇ ಸಂದಿತ್ತು, ಇನ್ನು ಆ ದಿನಗಳನ್ನು ಯಾರಿಗೂ ಕೊಡಬೇಕಾಗಿಯೂ ಇರಲಿಲ್ಲ.

ಆವರೆಗೆ ಈವ್‌ನಲ್ಲಿ ಹಡಗು ಮುಳುಗಿದರೆ ಹಡಗು ಮುಳುಗಿತು ಎನ್ನುತ್ತಿದ್ದರು. ಇನ್ನು ಮೇಲೆ ಎಷ್ಟು ಡಾಲರ್ ಎಂದು ಕೇಳತೊಡಗಿದರು. 2014ರ ಜನವರಿ 27ರ ಕಾಳಗ ಇದಕ್ಕೆ ದೊಡ್ಡ ನಿದರ್ಶನ. ಬಿ-ಆರ್5ಆರ್‌ಬಿ ಎಂಬ ನಕ್ಷತ್ರಮಂಡಲದ ಒಡೆತನಕ್ಕೆ ಕಟ್ಟಬೇಕಿದ್ದ ಕಂತು ಕಟ್ಟದೇ ಹೋಗಿ, ಅಷ್ಟಕ್ಕೇ ಹತ್ತಿದ ಜಗಳದಲ್ಲಿ 7,500ಕ್ಕೂ ಹೆಚ್ಚು ಆಟಗಾರರು 21 ತಾಸು ಹೋರಾಡಿದರು. ತಿಂಗಳುಗಟ್ಟಲೆ ದುಡಿಮೆ ಬೇಡುವ ಟೈಟನ್ ಎಂಬ ಮಹಾನೌಕೆಗಳು 75 ನಾಶವಾದವು. ನಷ್ಟ 11 ಲಕ್ಷ ಕೋಟಿ ಐಎಸ್‌ಕೆ. ಜಗತ್ತಿನ ಪತ್ರಿಕೆಗಳು ಬರೆದದ್ದು ಆ ಅಂಕಿಯನ್ನಲ್ಲ, '3 ಲಕ್ಷ ಡಾಲರ್ ಭಸ್ಮ' ಎಂಬ ಸುದ್ದಿಯನ್ನು. ಆ ಟೈಟನ್‌ಗಳನ್ನು ಡಾಲರ್ ಎಣಿಸಿ ಕಟ್ಟಿದವರು ಇರಲಿಲ್ಲವೆನ್ನಬಹುದು. ಗಣಿ ತೋಡಿ, ತೆರಿಗೆ ಎತ್ತಿ, ಹಂಚಿಕೊಂಡು ದುಡಿದು ಕಟ್ಟಿದ್ದರು. ಆದರೂ ಪ್ಲೆಕ್ಸ್‌ಗೆ ಡಾಲರಿನಲ್ಲೊಂದು ದರ, ಐಎಸ್‌ಕೆಯಲ್ಲೊಂದು ಧಾರಣೆ ಇದ್ದುದರಿಂದ ಯಾರು ಬೇಕಾದರೂ ಭಾಗಾಕಾರ ಮಾಡಬಹುದಿತ್ತು. 30 ದಿನಕ್ಕೆ ಬೆಲೆ ಕಟ್ಟಿದ ಮೇಲೆ ಆಟದೊಳಗಿನ ಕಲ್ಲು ಮಣ್ಣಿಗೂ ಬೆಲೆ ಬಂತು.

ಈ ಎಣಿಕೆ ಒಳ್ಳೆಯ ಕೆಲಸಕ್ಕೂ ಒದಗಿತು. 2010ರಲ್ಲಿ ಹೈಟಿ ಭೂಕಂಪವಾದಾಗ ಆಟಗಾರರು ಪ್ಲೆಕ್ಸ್ ದಾನ ಕೊಟ್ಟರು. ಕಂಪನಿ ಅದರ ಮೌಲ್ಯವನ್ನು ರೆಡ್‌ಕ್ರಾಸ್‌ಗೆ ಕಟ್ಟಿತು. 2013ರ ಫಿಲಿಪೀನ್ಸ್ ಚಂಡಮಾರುತ, 2015ರ ನೇಪಾಳ ಭೂಕಂಪದ ಹೊತ್ತಿಗೆ ಹೀಗೆ ಕೂಡಿದ ಮೊತ್ತ ಲಕ್ಷ ಡಾಲರ್ ಮೀರಿತು. ಅದೇ ಪ್ಲೆಕ್ಸ್ ಕಂಪನಿಗೆ ಮುಳುವೂ ಆಯಿತು. 2011ರ ಜೂನ್‌ನಲ್ಲಿ ಸಿಸಿಪಿ ಪಾತ್ರಗಳಿಗೆ ಬಟ್ಟೆಬರೆ ಮಾರುವ ಅಂಗಡಿ ತೆರೆದು, ಅಲ್ಲಿ ನಡೆಯುವ ನಾಣ್ಯವನ್ನು ಪ್ಲೆಕ್ಸ್ ಮುರಿದೇ ಪಡೆಯಬೇಕೆಂದಿತು. ಒಂಟಿಕಣ್ಣಿಗೆ ಹಾಕುವ ಒಂದು ಕನ್ನಡಕದ ಬೆಲೆ ಹೊರಗಿನ ಲೆಕ್ಕದಲ್ಲಿ 60 ಡಾಲರ್ ಮೀರುತ್ತಿತ್ತು. ಅದೇ ಹೊತ್ತಿಗೆ, ಹಡಗು, ಮದ್ದುಗುಂಡನ್ನೂ ಹೀಗೆ ಮಾರಬಹುದೇ ಎಂದು ಚರ್ಚಿಸಿದ ಒಳಪತ್ರಿಕೆಯೊಂದು ಸೋರಿ ಹೊರಬಿತ್ತು. ಸಾವಿರಾರು ಜನ ಜೀಟಾದ ಸ್ಮಾರಕವೊಂದನ್ನು ಸುತ್ತುವರಿದು, ಅದಕ್ಕೆ ಗುಂಡು ಹಾರಿಸಿ ಪ್ರತಿಭಟಿಸಿದರು. ಹಲವರು ಚಂದಾ ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಮುಖ್ಯಸ್ಥ ಹಿಲ್ಮಾರ್ ಪೇಟುರ್ಸನ್ ಬಹಿರಂಗವಾಗಿ ಕ್ಷಮೆ ಕೇಳಿದರು; ಅದೇ ತಿಂಗಳು ಐವರಲ್ಲೊಬ್ಬ ನೌಕರ ಕೆಲಸ ಕಳೆದುಕೊಂಡ. ಆಡುವ ದಿನಗಳನ್ನು ಮಾರಿದಾಗ ಸುಮ್ಮನಿದ್ದ ಆಟಗಾರರು, ಗೆಲುವು ಮಾರಾಟಕ್ಕೆ ಬಂದೀತೆಂಬ ಸಂಶಯಕ್ಕೇ ಸಿಡಿದೆದ್ದರು. ಆ ಗೆರೆ ಎಲ್ಲಿದೆಯೆಂದು ಉಳಿದ ಕಂಪನಿಗಳೂ ಗಮನಿಸಿದವು.

ನಂತರದ ವರ್ಷಗಳಲ್ಲಿ ಪ್ಲೆಕ್ಸ್‌ನ ನಕಲುಗಳು ಸಾಲುಗಟ್ಟಿದವು. 2012ರಲ್ಲಿ ಎವರ್‌ಕ್ವೆಸ್ಟ್‌ಗೆ ಕ್ರೋನೋ ಬಂತು. ಅಲ್ಲಿ ಕಾಲಕ್ರಮೇಣ ದುಬಾರಿ ಸಾಮಾನುಗಳ ಬೆಲೆಯನ್ನು ಆಟದ ಪ್ಲಾಟಿನಂ ನಾಣ್ಯದಲ್ಲಿ ಹೇಳುವುದು ಬಿಟ್ಟು, ಇಷ್ಟು ಕ್ರೋನೋ ಎಂದು ಹೇಳತೊಡಗಿದರು. ಹಣದುಬ್ಬರಕ್ಕೆ ಕರಗದ ಗಂಟು ಅದೊಂದೇ ಆಗಿತ್ತು. 2013ರ ಸೆಪ್ಟೆಂಬರ್‌ನಲ್ಲಿ, ಹಿಂದೆ ವಿನಿಮಯವನ್ನೇ ಕಟ್ಟಿಹಾಕಿದ್ದ ಜಾಗೆಕ್ಸ್ ಬಾಂಡ್ ಎಂಬ ಹೆಸರಲ್ಲಿ ಇದನ್ನೇ ತಂದಿತು. 2014ರ ವೈಲ್ಡ್‌ಸ್ಟಾರ್ ಮೊದಲ ದಿನದಿಂದಲೇ 19.99 ಡಾಲರಿನ ಕ್ರೆಡ್ ಇಟ್ಟುಕೊಂಡು ಬಂದರೂ ಜನ ಹಿಡಿಸದೆ ಸೊರಗಿತು. ಪೇಟೆ ಇರಬೇಕಾದರೆ ಮೊದಲು ಊರಿರಬೇಕು.

ಎಲ್ಲಕ್ಕಿಂತ ದೊಡ್ಡ ಊರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2010ರಲ್ಲಿ ಅದರ ಚಂದಾದಾರರು 1.2 ಕೋಟಿ. ಹತ್ತು ವರ್ಷ ಗೋಲ್ಡ್ ಮಾರುವವರ ಬೆನ್ನಟ್ಟಿದ ಅದರ ಕಂಪನಿ ಬ್ಲಿಜರ್ಡ್ 2015ರ ಏಪ್ರಿಲ್ 7ರಂದು ಅಮೆರಿಕದಲ್ಲಿ ಟೋಕನ್ ಎಂಬ ತನ್ನದೇ ಪ್ಲೆಕ್ಸ್ ಬಿಡುಗಡೆ ಮಾಡಿತು. ಬೆಲೆ 20 ಡಾಲರ್. ಆರಂಭದ ಧಾರಣೆ 30,000 ಗೋಲ್ಡ್. ಈವ್‌ನ ಬಿರುಸು ಇಲ್ಲಿ ಬೇಡವೆಂದು ಬ್ಲಿಜರ್ಡ್ ಹಗ್ಗ ಬಿಗಿ ಹಿಡಿಯಿತು. ದರವನ್ನು ಆಟಗಾರರು ಕೂಗುವಂತಿಲ್ಲ. ಬೇಡಿಕೆ, ಪೂರೈಕೆ ನೋಡಿ ಕಂಪನಿಯ ಸರ್ವರೇ ನಿಗದಿ ಮಾಡುತ್ತದೆ. ಮಾರಲಿಟ್ಟ ಗಳಿಗೆಯಲ್ಲಿ ತೋರಿಸಿದ ದರ, ಆಮೇಲೆ ಇಳಿದರೂ ಮಾರುವವನಿಗೆ ಖಾತ್ರಿ. ಗೋಲ್ಡ್ ಕೊಟ್ಟು ಕೊಂಡವನು ಮತ್ತೆ ಮಾರುವಂತಿಲ್ಲ. ಹಾಗಾಗಿ ಹಡಗಿಗೆ ತುಂಬಿ ಕಳೆದುಕೊಳ್ಳುವ ಭಯವೂ ಇಲ್ಲ, ಕೂಡಿಟ್ಟು ಸಟ್ಟಾ ಆಡುವ ಆಸೆಯೂ ಇಲ್ಲ. ಕೆಲವೇ ದಿನಗಳಲ್ಲಿ ಧಾರಣೆ ಇಳಿಯಿತು. ಗೋಲ್ಡ್ ಬೇಕೆನ್ನುವವರು ಚಂದಾ ಬೇಕೆನ್ನುವವರಿಗಿಂತ ಹೆಚ್ಚಿದ್ದರು.

2017ರ ಫೆಬ್ರುವರಿಯಲ್ಲಿ ಲೆಕ್ಕ ತಲೆಕೆಳಗಾಯಿತು. ಗೋಲ್ಡ್‌ನಿಂದ ಕೊಂಡ ಟೋಕನ್ನನ್ನು ಚಂದಾಕ್ಕಷ್ಟೇ ಅಲ್ಲ, ಕಂಪನಿಯ ಬೇರೆ ಆಟಗಳನ್ನು ಕೊಳ್ಳುವ 15 ಡಾಲರ್ ಬ್ಯಾಲೆನ್ಸ್ ಆಗಿಯೂ ಬಳಸಬಹುದೆಂದು ಬ್ಲಿಜರ್ಡ್ ಸಾರಿತು. ತಿಂಗಳಿಗೊಂದೇ ಸಾಕಾಗಿದ್ದವರೂ ಟೋಕನ್‌ಗೆ ಮುಗಿಬಿದ್ದರು. ಧಾರಣೆ ನೋಡನೋಡುತ್ತ ಲಕ್ಷ ಗೋಲ್ಡ್ ದಾಟಿತು. ಅದೇ ವರ್ಷದ ಜುಲೈ ವೇಳೆಗೆ ವೆನೆಜುವೆಲಾದ ಬೊಲಿವಾರ್ ಎಷ್ಟು ಕುಸಿದಿತ್ತೆಂದರೆ, ಕಾಳಸಂತೆಯಲ್ಲಿ ಒಂದು ಡಾಲರ್‌ಗೆ ಸಿಗುತ್ತಿದ್ದ ಬೊಲಿವಾರ್‌ಗಿಂತ ಟೋಕನ್ ಲೆಕ್ಕದಲ್ಲಿ ಸಿಗುತ್ತಿದ್ದ ಗೋಲ್ಡ್ ಕಡಿಮೆ. ಒಂದು ದೇಶದ ನೋಟಿಗಿಂತ ರಾಕ್ಷಸರ ಜೇಬಿನಿಂದ ಬೀಳುವ ಕಾಸು ಗಟ್ಟಿಯಾಗಿತ್ತು. ಆ ವರ್ಷಗಳಲ್ಲೇ ವೆನೆಜುವೆಲಾದ ಯುವಕರು ಹಳೆಯ ಮಾದರಿಯ ರೂನ್‌ಸ್ಕೇಪ್‌ನಲ್ಲಿ ಹಸಿರು ಡ್ರ್ಯಾಗನ್ ಕೊಂದು, ಅದರ ಚರ್ಮ, ಮೂಳೆ ಮಾರಿ ಮನೆಗೆ ರೇಷನ್ ತರುತ್ತಿದ್ದರು.

ಅಂದರೆ ಕಾಳಸಂತೆ ಸತ್ತಿರಲಿಲ್ಲ. ಅಧಿಕೃತ ದರ ಅದಕ್ಕೊಂದು ಚಾವಣಿ ಹಾಕಿತ್ತು ಅಷ್ಟೇ. ಕಂಪನಿಯೇ 20 ಡಾಲರ್‌ಗೆ ಕೊಡುವುದನ್ನು ಕಳ್ಳದಾರಿಯಲ್ಲಿ 25ಕ್ಕೆ ಯಾರೂ ಕೊಳ್ಳರು. ಆದರೆ 12ಕ್ಕೆ ಸಿಕ್ಕರೆ ಕೊಳ್ಳುವವರಿದ್ದಾರೆ. ಡಾಲರಿನ ಒಂದು ಚೂರಿಗೂ ಬೆಲೆಯಿರುವ ನಾಡುಗಳು ಇರುವವರೆಗೆ ಆ ಹನ್ನೆರಡಕ್ಕೆ ದುಡಿಯುವವರೂ ಇರುತ್ತಾರೆ. ಹಳೆಯ ಸೊಗಡಿಗೆಂದೇ 2019ರಲ್ಲಿ ಶುರುವಾಗಿದ್ದ ವಾರ್‌ಕ್ರಾಫ್ಟ್ ಕ್ಲಾಸಿಕ್‌ಗೂ 2023ರ ಮೇನಲ್ಲಿ ಟೋಕನ್ ಬಂತು. ಬ್ಲಿಜರ್ಡ್ ಕೊಟ್ಟ ಕಾರಣ ಹಳೆಯದೇ: ಕಳ್ಳವ್ಯಾಪಾರ ತಡೆಯಬೇಕು. ಬೇಡವೆಂದು ಕೂಗಿದವರ ವಾದವೂ ಹಳೆಯದೇ: ಬಾಟ್ ಹಿಡಿಯುವ ಖರ್ಚು ಉಳಿಸಿ, ಆ ವ್ಯಾಪಾರವನ್ನೇ ಕಂಪನಿ ತನ್ನ ಕೈಗೆ ತೆಗೆದುಕೊಂಡಿತು.

ಎರಡೂ ಮಾತು ನಿಜ. ಗೋಲ್ಡ್ ಕೊಂಡವನ ಪಾಸ್‌ವರ್ಡ್ ಈಗ ಸುಲಭಕ್ಕೆ ಕಳುವಾಗುವುದಿಲ್ಲ. ದುಡ್ಡಿಲ್ಲದ ವಿದ್ಯಾರ್ಥಿ ಬೆವರು ಹರಿಸಿ ಚಂದಾ ಹೊಂದಿಸಬಹುದು. ಇಷ್ಟು ಲಾಭ ಆಟಗಾರರದ್ದು. ಆದರೆ 20 ಡಾಲರ್ ಒಳಗೆ ಬಂದು 15 ಡಾಲರಿನ ಸೇವೆ ಹೊರಗೆ ಹೋಗುವ ಈ ವಿನಿಮಯದಲ್ಲಿ ಉಳಿದ ಐದು ಪ್ರತಿ ಸಲವೂ ಒಂದೇ ಪೆಟ್ಟಿಗೆಗೆ ಬೀಳುತ್ತವೆ. ಈವ್‌ನಲ್ಲಿ ಪ್ಲೆಕ್ಸ್‌ನ ಧಾರಣೆ ಆರಂಭದ 30 ಕೋಟಿ ಐಎಸ್‌ಕೆಯಿಂದ ಏರಿ 2016ರ ಹೊತ್ತಿಗೆ 100 ಕೋಟಿ ದಾಟಿದ್ದು ಆಟಗಾರರ ಪೇಟೆಯಲ್ಲಿ. 2017ರ ಮೇನಲ್ಲಿ ಒಂದು ಪ್ಲೆಕ್ಸ್ ಅನ್ನು 500 ಚೂರು ಮಾಡಿ ಚಿಲ್ಲರೆ ವ್ಯಾಪಾರಕ್ಕೆ ಬಿಟ್ಟದ್ದೂ, 2022ರ ಮೇನಲ್ಲಿ ತಿಂಗಳ ಚಂದಾವನ್ನು 14.95ರಿಂದ 19.99 ಡಾಲರ್‌ಗೆ ಏರಿಸಿದ್ದೂ ಕಂಪನಿಯ ಮೇಜಿನ ಮೇಲೆ. ಗೋಲ್ಡ್‌ಗೆ ಎಷ್ಟು ದಿನ ಎಂಬುದನ್ನು ಪೇಟೆ ತೀರ್ಮಾನಿಸೀತು. ದಿನಕ್ಕೆ ಎಷ್ಟು ಡಾಲರ್ ಎಂಬುದನ್ನು ಎಂದೂ ತೀರ್ಮಾನಿಸಲಿಲ್ಲ. ನಾನ್‌ಜಿಂಗ್‌ನ ಮಾಲೀಕನಿಗೆ ಗೋಲ್ಡ್ ಬೆಳೆಯಲು ಬಾಡಿಗೆ, ಕರೆಂಟು, ಕೂಲಿ ಬೇಕಿತ್ತು. ಅವನ ಜಾಗಕ್ಕೆ ಬಂದ ಕಂಪನಿಗೆ ಸರಕು ಹುಟ್ಟಿಸುವ ಖರ್ಚು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಹೇಗೂ ಓಡುತ್ತಿರುವ ಸರ್ವರಿನ 30 ದಿನಗಳನ್ನು ಅದು ಎಷ್ಟು ಬೇಕಾದರೂ ಮಾರಬಲ್ಲದು. ಅದಕ್ಕೇ, ಈ ಒಪ್ಪಂದ ತಂದ ಬಹುತೇಕ ಆಟಗಳು ಮತ್ತೆ ಅದನ್ನು ಕೈಬಿಡಲಿಲ್ಲ.